ಹೆಚ್ಚಿಗೆ ಇದ್ದ ಹಿತ್ತಾಳೆ ಕಾಲು

ನಾನೇ ಕೈಯಾರೆ ಜೋಡಿಸಿದ ಕಂಪ್ಯೂಟರು ಹತ್ತೊಂಬತ್ತು ಸಲ ಗುಂಡಿ ಒತ್ತಿದರೂ ಏಳಲಿಲ್ಲ. ಪೂರ್ತಿ ಸತ್ತು ಬಿದ್ದಿದ್ದರೆ ಒಂದು ಮಾತು, ಎತ್ತಿ ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಿದ್ದೆ. ಈ ಹಾಳಾದ್ದು ಹಾಗಲ್ಲ. ಒತ್ತಿದ ಕೂಡಲೇ ಒಳಗಿನ ಫ್ಯಾನು ಗರ್ರೆಂದು ತಿರುಗುತ್ತದೆ, ಮುಂದಿನ ಹಸಿರು ದೀಪ ಹತ್ತುತ್ತದೆ, ಇನ್ನೇನು ಪರದೆಯ ಮೇಲೆ ಏನೋ ಬಂತು ಅನ್ನುವಷ್ಟರಲ್ಲಿ ಎಲ್ಲವೂ ತಟ್ಟನೆ ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ತಿರುಗಲು ನೋಡುತ್ತದೆ, ಮತ್ತೆ ನಿಲ್ಲುತ್ತದೆ. ಕಪ್ಪು ಪರದೆಯಲ್ಲಿ ಕಾಣುವುದು ನನ್ನ ಮುಖ ಮಾತ್ರ. ಐವತ್ತೊಂಬತ್ತು ವರ್ಷದ ಮುಖ, ನೋಡಿಕೊಂಡು ಕೂರುವಂಥದ್ದೇನೂ ಅಲ್ಲ.

ಆ ಹತ್ತೊಂಬತ್ತು ಸಲವೂ ನನ್ನ ಜೊತೆ ನಿಂತವರು ಪಕ್ಕದ ಮನೆಯ ದೇವೀರಮ್ಮ. ನಮ್ಮೂರಿನಲ್ಲಿ ಒಬ್ಬರೇ ಇದ್ದರೆ ಯಾವುದೂ ಶುರುವಾಗುವುದಿಲ್ಲ. ಕಡ್ಡಿ ಗೀರಿದರೆ ಹೊತ್ತುವುದಿಲ್ಲ, ಸ್ಕೂಟರನ್ನು ಒದ್ದರೆ ಕೆಮ್ಮುವುದೂ ಇಲ್ಲ, ಸ್ವಿಚ್ಚು ಹಾಕಿದರೆ ಬಲ್ಬು ಸುಮ್ಮನೆ ನೇತಾಡುತ್ತಿರುತ್ತದೆ. ಎಚ್ಚರವಿರುವ ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಬೆಕ್ಕು ನಾಯಿ ಲೆಕ್ಕಕ್ಕಿಲ್ಲ, ಗೊರಕೆ ಹೊಡೆಯುವ ಗಂಡನೂ ಲೆಕ್ಕಕ್ಕಿಲ್ಲ. ಒಮ್ಮೆ ಶುರುವಾದರೆ ಆಮೇಲೆ ತನ್ನ ಪಾಡಿಗೆ ನಡೆಯುತ್ತದೆ, ಆರಿಸುವುದಕ್ಕೆ ಯಾರ ಹಂಗೂ ಬೇಡ. ಹಾಗಾಗಿ ಬೆಳಗಾದರೆ ನಮ್ಮ ಬೀದಿಯಲ್ಲಿ "ಒಲೆ ಹಚ್ಬೇಕು, ಸ್ವಲ್ಪ ನಿಲ್ತೀರಾ" ಎಂಬ ಮಾತೇ ಕೇಳಿಸುವುದು. ನಿಲ್ಲಲು ಬಂದವರು ತಮ್ಮ ಕೈಕೆಲಸ ತಂದಿರುತ್ತಾರೆ, ಮನೆಯವರು ಅವರಿಗೆ ಕಾಫಿ ಕೊಡುತ್ತಾರೆ. ಒಂಟಿಯಾಗಿರುವವರು ಬಲ್ಬನ್ನು ಆರಿಸುವುದೇ ಇಲ್ಲ. ಬೀದಿಯಲ್ಲಿ ನಡೆದು ಹೋಗುವವರಿಗೆ ಮಟಮಟ ಮಧ್ಯಾಹ್ನದಲ್ಲೂ ದೀಪ ಉರಿಯುತ್ತಿರುವ ಕಿಟಕಿ ಕಂಡರೆ, ಒಳಗೆ ಇರುವುದು ಒಬ್ಬರೇ ಎಂದು ತಿಳಿಯುತ್ತದೆ. ನಮ್ಮ ಬೀದಿಯಲ್ಲಿ ಅಂಥ ಕಿಟಕಿಗಳು ಎರಡು. ಒಂದು ದೇವೀರಮ್ಮನವರದು, ಇನ್ನೊಂದು ನನ್ನದು.

ನನ್ನದು ಮೊದಲಿನಿಂದ ಹಾಗಿರಲಿಲ್ಲ. ತಂಗಿ ಕುಮುದ ಇದ್ದಳು. ಅಪ್ಪ ಅಮ್ಮ ಹೋದ ಮೇಲೆ ಇಪ್ಪತ್ತೆರಡು ವರ್ಷ ನಾವಿಬ್ಬರೇ ಈ ಮನೆಯಲ್ಲಿದ್ದೆವು, ಒಂದು ದಿನವೂ ಇನ್ನೊಬ್ಬರ ಬಾಗಿಲು ತಟ್ಟಿದವರಲ್ಲ. ಅಕ್ಕತಂಗಿಯರಿಗೆ ಬಹಳ ಜಂಬ ಎಂದು ಊರವರು ಆಡಿಕೊಳ್ಳುತ್ತಿದ್ದರು. ಇತ್ತೇ ಇತ್ತು, ಇಲ್ಲ ಅನ್ನಲಾರೆ. ಕುಮುದ ತನ್ನ ಐವತ್ತೆರಡನೇ ವಯಸ್ಸಿನಲ್ಲಿ, ಊರಿಗೆ ಭೂಮಿ ಅಳೆಯಲು ಬಂದಿದ್ದ ಒಬ್ಬ ವಿಧುರನನ್ನು ಮದುವೆಯಾಗಿ ಸಮುದ್ರವಿರುವ ಊರಿಗೆ ಹೊರಟುಹೋದಳು. ಅಲ್ಲಿ ಒಬ್ಬೊಬ್ಬರೇ ಒಲೆ ಹಚ್ಚಿಕೊಳ್ಳುತ್ತಾರಂತೆ. ಹೊರಡುವ ದಿನ ಬಲ್ಬು ಹಾಕಿ, "ಇದನ್ನ ಆರಿಸ್ಬೇಡ ಕಣೇ ಅಕ್ಕ" ಎಂದಳು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವಳ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಕಡ್ಡಿಪೆಟ್ಟಿಗೆ ಹಿಡಿದು ದೇವೀರಮ್ಮನವರ ಬಾಗಿಲ ಮುಂದೆ ನಿಂತಾಗ ನನಗೆ ನೆಲ ಬಾಯಿಬಿಟ್ಟರೆ ಸಾಕು ಅನಿಸಿತ್ತು. ಅವರು ಏನೂ ಕೇಳದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು. ಅವರು ದೋಸೆಹಿಟ್ಟು ರುಬ್ಬಿ ಮಾರುವವರು, ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ಅಂದಿನಿಂದ ಬೆಳಿಗ್ಗೆ ನನ್ನ ಒಲೆಗೆ ಅವರು, ಮಧ್ಯಾಹ್ನ ಮೂರಕ್ಕೆ ಅವರ ಗ್ರೈಂಡರಿಗೆ ನಾನು ಎಂದಾಯಿತು. ಮೂರು ವರ್ಷ ಹೀಗೇ ನಡೆಯಿತು. ಆದರೆ ಕೇಳಿ ಪಡೆಯುವುದು ನನಗೆ ಒಗ್ಗಲೇ ಇಲ್ಲ. ಬಂದವರು ಸುಮ್ಮನಿದ್ದರೆ ಸರಿ, ದೇವೀರಮ್ಮನವರ ಬಾಯಿ ನಿಲ್ಲುವುದಿಲ್ಲ. ಸಾರಿಗೆ ಹುಣಸೆ ಜಾಸ್ತಿ, ಪಾತ್ರೆ ಬೋರಲು ಹಾಕಿಲ್ಲ, ತಲೆಗೆ ಎಣ್ಣೆ ಹಚ್ಚಿ ಎಷ್ಟು ದಿನವಾಯ್ತು, ಹೀಗೆ. ದಿನಾ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಒಲೆ ಹಚ್ಚುತ್ತಿದ್ದೆ.

ಅಷ್ಟರಲ್ಲಿ ಹೈಸ್ಕೂಲಿನ ಡ್ರಿಲ್ ಮಾಸ್ತರ ಸುದ್ದಿ ಬಂತು. ಅವರು ಶಾಲೆಯಲ್ಲಿ ಒಬ್ಬರೇ ಇದ್ದಾಗ ದೊಡ್ಡ ಪರದೆಯ ಮೇಲೆ ಪರವೂರಿನ ಅಣ್ಣನ ಜೊತೆ ಮಾತಾಡುತ್ತ ನೀರಿನ ಮೋಟರು ಹಾಕಿದರಂತೆ, ಅದು ಶುರುವಾಯಿತಂತೆ. ಫೋನಿನಲ್ಲಿ ಇದನ್ನು ನಾವೆಲ್ಲ ಮಾಡಿ ನೋಡಿ ಬಿಟ್ಟಿದ್ದೆವು. ವೀಳ್ಯದೆಲೆಯಷ್ಟು ಮುಖ ಸಾಲುವುದಿಲ್ಲ. ನಿಜವಾದ ಮನುಷ್ಯರ ಮುಖದಷ್ಟೇ ದೊಡ್ಡ ಮುಖ ಬೇಕು, ಅದು ನಮ್ಮನ್ನು ನೋಡುತ್ತಿರಬೇಕು. ಸುದ್ದಿ ಕೇಳಿದ ಆ ಕ್ಷಣವೇ ನಾನು ನಿಶ್ಚಯ ಮಾಡಿಬಿಟ್ಟೆ. ಕುಮುದ ಪರದೆಯಲ್ಲಿ ಬಂದು ನಿಂತರೆ ಈ ಜನ್ಮದಲ್ಲಿ ಮತ್ತೆ ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಅಟೆಂಡರ್ ಆಗಿದ್ದವಳು ನಾನು. ಲ್ಯಾಬು ಮುಚ್ಚಿದಾಗ ಎಸೆಯಲಿದ್ದ ಸಾಮಾನನ್ನು ಪ್ರಿನ್ಸಿಪಾಲರನ್ನು ಕೇಳಿಯೇ ಎರಡು ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದೆ. ಅದರಲ್ಲಿ ಬೋರ್ಡು, ಫ್ಯಾನು, ಮೆಮೊರಿ ಪಟ್ಟಿಗಳು, ತಗಡಿನ ಡಬ್ಬ, ಅಗಲದ ಪರದೆ, ಕ್ಯಾಮೆರಾ ಎಲ್ಲ ಇದ್ದವು. ಹತ್ತು ದಿನ ಕೂತು ಜೋಡಿಸಿದೆ. ಜೋಡಿಸುವುದಕ್ಕೆ ಯಾರೂ ಬೇಕಿರಲಿಲ್ಲ.

ಶುರು ಮಾಡುವುದಕ್ಕೆ ಬೇಕಿತ್ತು. ದೇವೀರಮ್ಮ ಮೊರದ ತುಂಬ ಅವರೆಕಾಯಿ ಹಿಡಿದು ಬಂದರು. ಡಬ್ಬವನ್ನು ಒಂದು ಸುತ್ತು ನೋಡಿ, "ಇದು ಎದ್ರೆ ಏನ್ ಮಾಡತ್ತೆ ಅಂಬುಜಮ್ಮ?" ಎಂದರು.

"ಕುಮುದ ಬರ್ತಾಳೆ ಇದ್ರಲ್ಲಿ. ಅವಳೇ ನಿಂತ ಹಾಗೆ ಆಗತ್ತೆ. ದಿನಾ ನಿಮಗೆ ತೊಂದರೆ ಕೊಡೋದು ತಪ್ಪತ್ತೆ."

"ಓ" ಎಂದರು. ಆಮೇಲೆ ಕೂತು ಅವರೆಕಾಯಿ ಸುಲಿಯತೊಡಗಿದರು. "ಹಾಗಾದ್ರೆ ಒತ್ತಿ ಮತ್ತೆ."

ಒತ್ತಿದೆ. ತಿರುಗಿತು, ನಿಂತಿತು. ಮೊದಲ ದಿನ ಮೂರು ಸಲ, ಎರಡನೇ ದಿನ ಐದು ಸಲ. ಮೆಮೊರಿ ಪಟ್ಟಿಗಳ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ, ಒಂದೊಂದನ್ನೇ ಹಾಕಿ ನೋಡಿದೆ. ಬೋರ್ಡಿನ ಮೇಲಿನ ಗುಂಡಿ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ. ಕರೆಂಟಿನ ಪೆಟ್ಟಿಗೆಯನ್ನು ಬಿಚ್ಚಿ, ಅದೊಂದನ್ನೇ ಶುರು ಮಾಡಿ ನೋಡಿದರೆ ಏನೂ ತೊಂದರೆಯಿಲ್ಲದೆ ಓಡಿತು. ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದೆ. ಪ್ರತಿ ಸಲವೂ ದೇವೀರಮ್ಮ ಸುಲಿಯುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಎದ್ದು ನಿಂತು ನೋಡುತ್ತಿದ್ದರು. ನಾನು ಆಗ ಅದನ್ನು ಗಮನಿಸಲಿಲ್ಲ. ನನಗೆ ಕಾಣುತ್ತಿದ್ದದ್ದು ಮೊರ ಮಾತ್ರ.

ನಮ್ಮೂರಿನವರದು ಒಂದು ಚಾಳಿ ಇದೆ. ಯಾವುದಾದರೂ ಅರ್ಧಕ್ಕೆ ನಿಂತರೆ ನಾವು ಯಂತ್ರವನ್ನು ನೋಡುವುದಿಲ್ಲ, ಜೊತೆ ನಿಂತವರ ಮುಖ ನೋಡುತ್ತೇವೆ. ಮನಸ್ಸು ಎಲ್ಲೋ ಇಟ್ಟು ನಿಂತರೆ ಬೆಂಕಿ ಹತ್ತಿದ ಹಾಗೆ ಮಾಡಿ ನಂದಿಹೋಗುತ್ತದೆ, ನಿಜ. ಹಾಗಂತ ಸ್ಕೂಟರಿನಲ್ಲಿ ಪೆಟ್ರೋಲು ಮುಗಿದಿದ್ದರೂ ಪಕ್ಕದವನನ್ನೇ ಬೈಯುವ ಊರು ನಮ್ಮದು. ಲ್ಯಾಬಿನಲ್ಲಿ ಹುಡುಗರಿಗೆ ಬುದ್ಧಿ ಹೇಳಿದವಳು ನಾನು, ನನಗಾದರೂ ಇರಬೇಕಿತ್ತು. ಹತ್ತೊಂಬತ್ತನೇ ಸಲವೂ ಅದು ನಿಂತುಹೋದಾಗ ನನ್ನ ತಲೆ ಚಿಟ್ಟು ಹಿಡಿದಿತ್ತು.

"ನಿಮ್ಮ ಮನಸ್ಸು ಇಲ್ಲಿಲ್ಲ ದೇವೀರಮ್ಮ" ಎಂದೆ. "ಅವರೆಕಾಯಿ ಮೇಲಿದೆ, ಹಿಟ್ಟಿನ ಮೇಲಿದೆ. ನೀವಿದ್ರೂ ಒಂದೇ, ಇಲ್ದಿದ್ರೂ ಒಂದೇ."

ಬೇರೆ ಊರಿನಲ್ಲಿ ಇದು ಏನೂ ಅಲ್ಲದ ಮಾತು ಇರಬಹುದು. ನಮ್ಮೂರಿನಲ್ಲಿ ಇದನ್ನು ಯಾರೂ ಯಾರಿಗೂ ಅನ್ನುವುದಿಲ್ಲ. ಗಂಡಹೆಂಡಿರು ಕೈ ಕೈ ಮಿಲಾಯಿಸುವ ಜಗಳದಲ್ಲೂ ಈ ಮಾತು ಬರುವುದಿಲ್ಲ. ದೇವೀರಮ್ಮನವರ ಮುಖ ಸಣ್ಣದಾಯಿತು. ನೆಲದ ಮೇಲಿದ್ದ ಸಿಪ್ಪೆಯನ್ನೆಲ್ಲ ಬಳಿದು ಮೊರಕ್ಕೆ ಹಾಕಿಕೊಂಡು, ಒಂದು ಕಾಳನ್ನೂ ಬಿಡದೆ ಆರಿಸಿಕೊಂಡು ಎದ್ದು ಹೋದರು. ನಾನು ತಡೆಯಲಿಲ್ಲ.

ಮರುದಿನ ಅವರು ಬರಲಿಲ್ಲ, ನಾನು ಕರೆಯಲಿಲ್ಲ. ಒಲೆ ಹೊತ್ತಲಿಲ್ಲ. ಅವಲಕ್ಕಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದೆ. ಕಾಫಿಯಿಲ್ಲದೆ ಹಣೆ ಸಿಡಿಯುತ್ತಿತ್ತು. ಮೂರು ಗಂಟೆಗೆ ಗೋಡೆಯ ಆಚೆ ಗ್ರೈಂಡರು ಗುಡುಗುಡು ಎಂದು ಶುರುವಾಯಿತು. ಯಾರನ್ನೋ ಕರೆಸಿಕೊಂಡಿದ್ದಾರೆ. ಆ ಸದ್ದು ಕೇಳಿ ನನಗೆ ಎಷ್ಟು ಸಂಕಟವಾಯಿತೆಂದರೆ, ಎದ್ದು ಹಿತ್ತಲಿಗೆ ಹೋಗಿ ಅದು ನಿಲ್ಲುವವರೆಗೂ ಅಲ್ಲೇ ಕೂತೆ. ಅವರಿಗೇನು, ಹಿಟ್ಟು ಕೊಳ್ಳುವವರು ನೂರು ಜನ ಇದ್ದಾರೆ ಎಂದುಕೊಂಡೆ. ಕುಮುದ ಫೋನ್ ಮಾಡಿ "ಏನಾಯ್ತಕ್ಕ, ಎದ್ದಿತಾ?" ಎಂದಳು. "ಏಳತ್ತೆ ಬಿಡು" ಎಂದು ಇಟ್ಟೆ. ನಾಲ್ಕು ದಿನ ಹೀಗೇ ತಣ್ಣನೆಯದನ್ನೇ ತಿಂದೆ. ಮನೆಯಲ್ಲಿ ಬಿಸಿಯಾಗಿದ್ದದ್ದು ಆ ಬಲ್ಬೊಂದೇ.

ಐದನೇ ದಿನ ಮನಸ್ಸು ಕಲ್ಲು ಮಾಡಿಕೊಂಡು ಬೆಂಚಿಗೆ ಹೋದೆ. ನೀರಿನ ಟ್ಯಾಂಕಿನ ಕೆಳಗೆ ಒಂದು ಸಿಮೆಂಟಿನ ಬೆಂಚಿದೆ. ಕೆಲಸವಿಲ್ಲದ ಗಂಡಸರು ಬೆಳಿಗ್ಗೆ ಅಲ್ಲಿ ಕೂತಿರುತ್ತಾರೆ, ಜೊತೆಗೆ ಯಾರೂ ಸಿಗದವರು ಹೋಗಿ ಅವರನ್ನು ಕರೆಯುತ್ತಾರೆ. ಬೆಂಚಿಗೆ ಹೋದಳು ಅಂದರೆ ಅವಳಿಗೆ ಯಾರೂ ಇಲ್ಲ ಎಂದೇ ಅರ್ಥ. ತಲೆ ತಗ್ಗಿಸಿಕೊಂಡು ಹೋಗಿ, ಪೋಸ್ಟಾಫೀಸಿನಿಂದ ನಿವೃತ್ತರಾದ ಚೌಡಪ್ಪ ಎಂಬವರನ್ನು ಕರೆದುಕೊಂಡು ಬಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು, ಕೈ ಕಟ್ಟಿ ಡಬ್ಬದ ಮುಂದೆ ನಿಂತರು. ಮಾತಿಲ್ಲ, ಕೈಕೆಲಸವಿಲ್ಲ, ಕಣ್ಣು ಅಲ್ಲಾಡಲಿಲ್ಲ. ಇದಕ್ಕಿಂತ ಚೆನ್ನಾಗಿ ಯಾರೂ ನಿಲ್ಲಲಾರರು.

ಒತ್ತಿದೆ. ಫ್ಯಾನು ಗರ್ರೆಂದಿತು, ಹಸಿರು ದೀಪ ಹತ್ತಿತು, ತಟ್ಟನೆ ನಿಂತಿತು.

"ಇನ್ನೊಂದ್ಸಲ ನೋಡಿ ಅಮ್ಮ" ಎಂದರು ಚೌಡಪ್ಪ. ನೋಡಿದೆ. ಅದೇ. ಅವರು ಗೋಡೆ ಗಡಿಯಾರದ ಕಡೆ ಕಣ್ಣು ಹಾಯಿಸಿ, "ಒಲೆನಾದ್ರೂ ಹಚ್ಕೊಂಡ್ಬಿಡಿ, ನಾನಿರೋವಾಗ್ಲೇ" ಎಂದರು. ಒಲೆ ಒಂದೇ ಕಡ್ಡಿಗೆ ಹೊತ್ತಿಕೊಂಡಿತು. ಕಾಫಿ ಕೊಡಲು ಹೋದರೆ ಬೇಡವೆಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾನು ಮಾತ್ರ ಆ ಕಾಫಿಯನ್ನು ಕುಡಿಯಲಾಗದೆ ಕೂತುಬಿಟ್ಟೆ. ಇಬ್ಬರು ಬೇರೆ ಬೇರೆ ಮನುಷ್ಯರು ನಿಂತಾಗಲೂ ಒಂದೇ ಥರ ಕೈಕೊಟ್ಟಿದೆ. ಅಂದರೆ ತಪ್ಪು ದೇವೀರಮ್ಮನವರದಲ್ಲ. ಡಬ್ಬದ್ದು, ಅದನ್ನು ಕಟ್ಟಿದವಳದು. ಎದ್ದು ವೈರು ಕಿತ್ತೆ, ಬೋರ್ಡಿನ ಆರು ತಿರುಪು ಬಿಚ್ಚಿದೆ, ಬೋರ್ಡನ್ನು ಎತ್ತಿ ಅಡಿಗೆಮನೆಯ ಮಣೆಯ ಮೇಲಿಟ್ಟೆ. ಖಾಲಿ ಡಬ್ಬದೊಳಗೆ ಬಗ್ಗಿ ನೋಡಿದೆ.

ತಗಡಿಗೆ ಬೋರ್ಡು ತಾಗದಂತೆ ಅದರಡಿಯಲ್ಲಿ ಹಿತ್ತಾಳೆಯ ಚಿಕ್ಕ ಚಿಕ್ಕ ಕಾಲುಗಳಿರುತ್ತವೆ. ಬೋರ್ಡಿನಲ್ಲಿ ಎಷ್ಟು ತೂತೋ ಅಷ್ಟೇ ಕಾಲು. ನನ್ನ ಬೋರ್ಡಿಗೆ ಆರು ತೂತು. ಡಬ್ಬದಲ್ಲಿ ಏಳು ಕಾಲುಗಳಿದ್ದವು. ಹಿಂದೆ ಆ ಡಬ್ಬದಲ್ಲಿದ್ದ ಬೇರೆ ಅಳತೆಯ ಬೋರ್ಡಿನದು ಒಂದು ಹಾಗೇ ಉಳಿದುಕೊಂಡಿತ್ತು. ಅದು ಬೋರ್ಡಿನ ಬೆನ್ನಿಗೆ ತಾಗಿ ಕರೆಂಟನ್ನು ತಗಡಿಗೆ ಹರಿಸುತ್ತಿತ್ತು, ಬೋರ್ಡಿನ ಹಿಂದೆ ಸಾಸಿವೆ ಕಾಳಿನಷ್ಟು ಕಪ್ಪು ಗುರುತಿತ್ತು. ಇಪ್ಪತ್ತೇಳು ವರ್ಷ ನಾನು ಹುಡುಗರಿಗೆ ಹೇಳಿದ್ದು ಇದೊಂದನ್ನೇ. ಮೊದಲು ಕಾಲು ಎಣಿಸಿ, ಆಮೇಲೆ ಬೋರ್ಡು ಕೂರಿಸಿ. ನನಗೆ ನಾಚಿಕೆಯಾಯಿತು. ಕಾಲು ಎಣಿಸದಿದ್ದಕ್ಕಲ್ಲ. ಅದನ್ನು ತಿರುಪಿ ಕಿತ್ತು ಅಂಗೈಯಲ್ಲಿಟ್ಟುಕೊಂಡು, ಮೂರು ಗಂಟೆಯಾಗುವುದನ್ನೇ ಕಾದು, ಪಕ್ಕದ ಮನೆಗೆ ಹೋದೆ.

ದೇವೀರಮ್ಮ ನೆನೆದ ಅಕ್ಕಿಯನ್ನು ಗ್ರೈಂಡರಿಗೆ ಸುರಿಯುತ್ತಿದ್ದರು. ಮನೆಯಲ್ಲಿ ಇನ್ನಾರೂ ಇರಲಿಲ್ಲ. ನನ್ನನ್ನು ನೋಡಿಯೂ ತಿರುಗಲಿಲ್ಲ.

"ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಅಲ್ವಾ. ಈಗ ಯಾಕೆ ಬಂದ್ರಿ?"

"ತಪ್ಪು ನಂದೇ" ಎಂದು ಅಂಗೈ ಚಾಚಿದೆ. "ಇದು ಒಂದು ಹೆಚ್ಚಿಗೆ ಇತ್ತು ಒಳಗೆ. ಅದಕ್ಕೇ ನಿಂತುಹೋಗ್ತಿತ್ತು."

ಕೈ ಒರೆಸಿಕೊಂಡು ಅದನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಇಷ್ಟೇ ಇಷ್ಟಾ?" ಎಂದರು. "ಏಳಲಿ ಅಂತಾನೇ ನಿಂತಿದ್ದೆ ಅಂಬುಜಮ್ಮ. ಎದ್ರೆ ನೀವು ನನ್ನ ಕರೆಯಲ್ಲ ಅಂತ ಮೊದಲ್ನೇ ದಿನಾನೇ ಹೇಳಿದ್ರಿ. ಗೊತ್ತಿದ್ದೂ ಹತ್ತೊಂಬತ್ತು ಸಲ ಎದ್ದೆದ್ದು ನಿಂತೆ."

"ಗ್ರೈಂಡರಿಗೆ ಯಾರು ನಿಂತ್ರು ಇಷ್ಟು ದಿನ?" ಎಂದು ಕೇಳಿದೆ.

"ಬೆಂಚಿಗೆ ಹೋದೆ. ಇನ್ನೆಲ್ಲಿಗೆ ಹೋಗ್ಲಿ? ಚೌಡಪ್ಪನೋರು ಬರ್ತಿದ್ರು. ಗಡಿಯಾರ ನೋಡ್ತಾ ನಿಲ್ತಾರೆ, ಒಂದು ಮಾತಿಲ್ಲ ಕತೆಯಿಲ್ಲ. ದೆವ್ವ ನಿಂತ ಹಾಗಿರತ್ತೆ." ಅವರು ಸ್ವಿಚ್ಚಿನ ಕಡೆ ಕೈ ಚಾಚಿ ನನ್ನನ್ನು ನೋಡಿದರು. ನಾನು ನಿಂತೆ. ಗ್ರೈಂಡರು ಶುರುವಾಯಿತು. ಅದು ತಿರುಗುತ್ತಿರಲೆಂದು ಬಿಟ್ಟು ಇಬ್ಬರೂ ನಮ್ಮ ಮನೆಗೆ ಬಂದೆವು.

ಆರು ಕಾಲಿನ ಮೇಲೆ ಬೋರ್ಡು ಕೂರಿಸಿ, ಇಪ್ಪತ್ತೆರಡನೇ ಸಲ ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಒಂದರ ಕೆಳಗೊಂದು ಬಂದವು. "ಬಂತು, ಬಂತು" ಎಂದು ದೇವೀರಮ್ಮ ನನ್ನ ತೋಳು ಹಿಡಿದುಕೊಂಡರು. ಕುಮುದಳ ಮುಖ ಬರುವ ಹೊತ್ತಿಗೆ ಅರ್ಧ ಗಂಟೆಯಾಯಿತು. ನಿಜವಾದ ಮುಖದಷ್ಟೇ ದೊಡ್ಡ ಮುಖ, ನಗುತ್ತ ಅಳುತ್ತ ಇತ್ತು. ದೇವೀರಮ್ಮ ಅವಳ ಆರೋಗ್ಯ ವಿಚಾರಿಸಿ, ದಪ್ಪಗಾಗಿದ್ದೀಯ ಎಂದು ಹೇಳಿ, ಎದ್ದರು.

"ಇನ್ನು ನಾನು ಬರ್ಲಾ? ಹಿಟ್ಟು ಉಕ್ಕತ್ತೆ" ಎಂದರು. ಬಂದಾಗ ಮೇಜಿನ ಮೇಲಿಟ್ಟಿದ್ದ ಹಿತ್ತಾಳೆ ಕಾಲನ್ನು ಎತ್ತಿಕೊಂಡು, "ಇದು ನಿಮಗೆ ಬೇಡ ಅಲ್ವಾ? ನಾನಿಟ್ಕೊಳ್ತೀನಿ" ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ಅಂದು ಕುಮುದ ನೋಡುತ್ತಿರುವಾಗ ಕಡ್ಡಿ ಗೀರಿದೆ. ಹೊತ್ತಿಕೊಂಡಿತು. ನಾನು ಗೆದ್ದೆ ಅನಿಸಿತು, ಸುಳ್ಳು ಯಾಕೆ ಹೇಳಲಿ. ಮರುದಿನದಿಂದ ಯಾರನ್ನೂ ಕರೆಯಲಿಲ್ಲ. ಕಂಪ್ಯೂಟರನ್ನು ಆರಿಸದೆ ಇಟ್ಟೆ. ಬೆಳಿಗ್ಗೆ ಆರೂವರೆಗೆ ಕುಮುದ ಅದರಲ್ಲಿ ಬರುತ್ತಾಳೆ, ನಾನು ಕಡ್ಡಿ ಗೀರುತ್ತೇನೆ. "ಹತ್ತಿತಾ ಅಕ್ಕ? ಸರಿ ಹಾಗಾದ್ರೆ" ಎನ್ನುತ್ತಾಳೆ, ಹೋಗುತ್ತಾಳೆ. ಒಂದು ದಿನ ತಲೆ ಬಾಚುತ್ತ ಬಂದಳು, ಇನ್ನೊಂದು ದಿನ ಗಂಡನಿಗೆ ಏನೋ ಕೂಗಿ ಹೇಳುತ್ತ ಬಂದಳು. ಆ ದಿನ ನಾಲ್ಕು ಕಡ್ಡಿ ಬೇಕಾಯಿತು. ಮತ್ತೊಂದು ದಿನ ಅವಳ ಕುರ್ಚಿ ಖಾಲಿಯಿತ್ತು. ಅವಳ ಮನೆಯ ಗೋಡೆ, ಅದರ ಮೇಲಿನ ಕ್ಯಾಲೆಂಡರು, ಇಷ್ಟನ್ನೇ ನೋಡುತ್ತ ಕಡ್ಡಿಪೆಟ್ಟಿಗೆ ಹಿಡಿದು ಮುಕ್ಕಾಲು ಗಂಟೆ ನಿಂತೆ. ಅವಳಿಗೆ ಬೇಡವೆಂದೇನೂ ಅಲ್ಲ. ಅವಳಿಗೆ ಅವಳದೇ ಒಲೆ ಇದೆ, ಅಷ್ಟೇ.

ಸಾರಿಗೆ ಹುಣಸೆ ಜಾಸ್ತಿಯಾಯಿತು. ಹೇಳುವವರಿರಲಿಲ್ಲ. ಬಾಗಿಲ ಮುಂದಿನ ರಂಗೋಲಿಯನ್ನು ತುಳಿಯುವವರಿಲ್ಲದೆ ಅದು ಮರುದಿನದವರೆಗೂ ಹಾಗೇ ಇರುತ್ತಿತ್ತು. ಒಂದು ಸಂಜೆ ನೆನಪು ಮಾಡಿಕೊಂಡರೆ ಬೆಳಿಗ್ಗೆಯಿಂದ ನಾನು ಆಡಿದ್ದು ಎರಡೇ ಮಾತು. "ಹತ್ತಿತು." "ಹೂಂ, ಹೋಗು." ದೇವೀರಮ್ಮ ನನ್ನನ್ನು ಗ್ರೈಂಡರಿಗೂ ಕರೆಯಲಿಲ್ಲ. ನನ್ನ ಒಲೆಗೆ ಅವರು ಬೇಡವಾದ ಮೇಲೆ ಅವರಾದರೂ ಯಾವ ಬಾಯಲ್ಲಿ ಕರೆದಾರು? ಮೂರು ಗಂಟೆಗೆ ಚೌಡಪ್ಪನವರ ಚಪ್ಪಲಿಯ ಸದ್ದು ಕೇಳುತ್ತಿತ್ತು, ಆಮೇಲೆ ಗ್ರೈಂಡರಿನದು. ನಮ್ಮ ಬೀದಿಯ ಎರಡು ಕಿಟಕಿಗಳಲ್ಲಿ ಹಗಲೂ ದೀಪ ಉರಿಯುತ್ತಿತ್ತು, ಮೊದಲಿನ ಹಾಗೆಯೇ.

ಎಂಟನೇ ದಿನ ಮಧ್ಯಾಹ್ನ ಎರಡೂವರೆಗೆ ಕಂಪ್ಯೂಟರನ್ನು ಆರಿಸಿದೆ. ಅದಕ್ಕೆ ಯಾರೂ ಬೇಕಾಗಲಿಲ್ಲ. ಫ್ಯಾನಿನ ಸದ್ದು ನಿಂತ ಮೇಲೆ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ನನಗೇ ಹೆದರಿಕೆಯಾಯಿತು. ಆರು ತಿರುಪು ಬಿಚ್ಚಿ ಬೋರ್ಡನ್ನು ಎತ್ತಿ ಮಣೆಯ ಮೇಲಿಟ್ಟೆ. ಆಮೇಲೆ ಹೋಗಿ ದೇವೀರಮ್ಮನವರ ಬಾಗಿಲು ತಟ್ಟಿದೆ.

"ಆ ಹಿತ್ತಾಳೆ ಕಾಲು ಇದೆಯಾ? ಕೊಡಿ ಸ್ವಲ್ಪ."

"ಯಾಕೆ?"

"ಬೇಕಿತ್ತು."

"ಅದು ಇದ್ರೆ ಕೆಟ್ಟೋಗತ್ತೆ ಅಂದ್ರಲ್ಲ."

"ಹೂಂ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಸೆರಗಿನ ಗಂಟನ್ನು ಹಲ್ಲಿನಿಂದ ಸಡಿಲಿಸಿ, ಬಿಚ್ಚಿ, ಅದನ್ನು ನನ್ನ ಅಂಗೈಗೆ ಹಾಕಿದರು. ಬೆಚ್ಚಗಿತ್ತು. "ಹೋಗಿರಿ" ಎಂದರು. "ಚೌಡಪ್ಪನೋರಿಗೆ ಬೇಡ ಅಂತ ಹೇಳಿ ಬರ್ತೀನಿ."

ಬರುವಾಗ ಮೊರದ ತುಂಬ ಅವರೆಕಾಯಿ ತಂದರು. ಅಷ್ಟರಲ್ಲಿ ನಾನು ಏಳನೇ ಕಾಲನ್ನು ಅದರ ಜಾಗಕ್ಕೇ ತಿರುಪಿ ಬೋರ್ಡು ಕೂರಿಸಿದ್ದೆ. ಅವರು ಮೊರವನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಡಬ್ಬದ ಮುಂದೆ ನೆಟ್ಟಗೆ ನಿಂತರು. ಈ ಸಲ ನಾನು ಅದನ್ನು ನೋಡಿದೆ. ಗುಂಡಿ ಒತ್ತಿದೆ. ಫ್ಯಾನು ಗರ್ರೆಂದಿತು, ಹಸಿರು ದೀಪ ಹತ್ತಿತು, ತಟ್ಟನೆ ಎಲ್ಲ ನಿಂತಿತು.

"ಪೂರ್ತಿ ಮನಸ್ಸಿಟ್ಟೇ ನಿಂತಿದ್ದೆ ನೋಡಿ" ಎಂದರು ದೇವೀರಮ್ಮ. "ಆದ್ರೂ ಏಳ್ಲಿಲ್ಲ."

"ನಿಮ್ಮ ತಪ್ಪಲ್ಲ ಬಿಡಿ" ಎಂದೆ. "ನಾಳೆ ಮತ್ತೆ ನೋಡೋಣ. ಈಗ ಒಲೆ ಹಚ್ತೀನಿ, ನಿಲ್ಲಿ."